ಆವೃತ್ತಿ ಸಂಖ್ಯೆಯನ್ನು ಬರೆಯುವವರು ಯಾರು: ಲೈಬ್ರರಿ ಬಿಡುಗಡೆಯ ಯಾಂತ್ರೀಕರಣದ ಚರಿತ್ರೆ

ಲೈಬ್ರರಿಗಳ ಆವೃತ್ತಿ ಸಂಖ್ಯೆಯನ್ನು ಯಂತ್ರ ಓದತೊಡಗಿದ್ದು ಇತ್ತೀಚಿನ ಸಂಗತಿಯಲ್ಲ. 1988ರ ಸನ್‌ಓಎಸ್ 4.0ರಲ್ಲಿ ಹಂಚಿಕೆಯ ಲೈಬ್ರರಿಯ ಕಡತದ ಹೆಸರಿಗೆ ಎರಡು ಅಂಕಿಗಳು ಅಂಟಿಕೊಂಡಿರುತ್ತಿದ್ದವು. ಮೊದಲನೆಯದು ಹೊಂದದಿದ್ದರೆ ಲೋಡರ್ ಆ ಕಡತವನ್ನು ಮುಟ್ಟುತ್ತಿರಲಿಲ್ಲ. ಎರಡನೆಯದು ಬೇಕಾದುದಕ್ಕಿಂತ ಹಳೆಯದಾಗಿದ್ದರೆ ಎಚ್ಚರಿಕೆ ಕೊಟ್ಟು ಮುಂದುವರಿಯುತ್ತಿತ್ತು. ಅಂಕಿಯನ್ನು ಓದುವುದು ಯಂತ್ರ, ಬರೆಯುವುದು ಮನುಷ್ಯ. ಯಾಂತ್ರೀಕರಣದ ಮುಂದಿನ ಚರಿತ್ರೆಯೆಲ್ಲ ಈ ಬರೆಯುವ ಕೆಲಸವನ್ನು ಕುರಿತದ್ದು.

1990ರ ದಶಕದ ಗ್ನೂ ಲಿಬ್‌ಟೂಲ್ ಈ ಕೆಲಸಕ್ಕೆ ಮೂರು ಅಂಕಿಗಳ ಲೆಕ್ಕವನ್ನು ಕಟ್ಟಿಕೊಟ್ಟಿತು. ಇಂಟರ್‌ಫೇಸಿಗೆ ಏನಾದರೂ ಸೇರಿದರೆ ಒಂದು ಸೂತ್ರ, ಅದರಿಂದ ಏನಾದರೂ ಕಳಚಿದರೆ ಇನ್ನೊಂದು. ಈ ಸಂಖ್ಯೆಯನ್ನು ಪ್ಯಾಕೇಜಿನ ಬಿಡುಗಡೆ ಸಂಖ್ಯೆಯೊಂದಿಗೆ ಎಂದಿಗೂ ತಾಳೆ ಮಾಡಬೇಡಿ ಎಂದು ಅದರ ಕೈಪಿಡಿ ಖಡಾಖಂಡಿತವಾಗಿ ಹೇಳುತ್ತದೆ. ಬಿಡುಗಡೆ ಸಂಖ್ಯೆ ಜನರಿಗೆ, ಇಂಟರ್‌ಫೇಸ್ ಸಂಖ್ಯೆ ಲಿಂಕರಿಗೆ. ಗಿಟ್‌ಹಬ್‌ನ ಸಹಸ್ಥಾಪಕ ಟಾಮ್ ಪ್ರೆಸ್ಟನ್-ವರ್ನರ್ ಬರೆದ ‘ಸೆಮ್ಯಾಂಟಿಕ್ ವರ್ಷನಿಂಗ್’ ನಿಯಮಾವಳಿ (ಅದರ 2.0.0 ಆವೃತ್ತಿ 2013ರದು) ಬೇರೆಯಾಗಿದ್ದ ಈ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಬೆಸೆಯಿತು. ನಿಜವಾದ ತಿರುವು ಇದೇ ಎಂದು ನನ್ನ ವಾದ. ಅಲ್ಲಿಂದಾಚೆಗೆ ಒಂದೇ ಅಂಕಿ ಪ್ರಚಾರವೂ ಆಗಬೇಕು, ಕರಾರೂ ಆಗಬೇಕು.

ಪ್ಯಾಕೇಜಿಂಗ್ ಬೇರೆ ದಾರಿಯಲ್ಲಿ ಸಾಗಿತು. 2000ದಲ್ಲಿ ಪೈಥಾನ್ ಜೊತೆಗೇ ಬಂದ ಡಿಸ್ಟ್‌ಯುಟಿಲ್ಸ್‌ನಲ್ಲಿ ಸಂಖ್ಯೆಯನ್ನು ಲೇಖಕನೇ ಕೈಯಾರೆ ಬರೆಯಬೇಕಿತ್ತು. ಗಿಟ್ ಟ್ಯಾಗಿನಿಂದಲೇ ಸಂಖ್ಯೆ ಎತ್ತಿಕೊಳ್ಳುವ ವರ್ಷನೀರ್, ಸೆಟಪ್‌ಟೂಲ್ಸ್-ಎಸ್‌ಸಿಎಂ ಮುಂತಾದ ಸಲಕರಣೆಗಳು ಆಮೇಲೆ ಬಂದು ನಕಲು ಮಾಡುವ ಶ್ರಮವನ್ನು ತಪ್ಪಿಸಿದವು. ಅದು ಗುಮಾಸ್ತಿಕೆ ಅಷ್ಟೇ.

ಎನ್‌ಪಿಎಂ ಬಳಗದ ಸೆಮ್ಯಾಂಟಿಕ್-ರಿಲೀಸ್ ಇನ್ನೊಂದು ಹೆಜ್ಜೆ ಇಟ್ಟಿತು. ಕಮಿಟ್ ಸಂದೇಶ ‘ಫಿಕ್ಸ್’ ಎಂದು ಶುರುವಾದರೆ ಕೊನೆಯ ಅಂಕಿ ಏರುತ್ತದೆ, ‘ಫೀಟ್’ ಎಂದಾದರೆ ನಡುವಿನದು, ಹೊಂದಾಣಿಕೆ ಮುರಿಯುತ್ತದೆ ಎಂಬ ಟಿಪ್ಪಣಿ ಇದ್ದರೆ ಮೊದಲನೆಯದು. ಸಂಖ್ಯೆ ಹಾಕಿ, ಟ್ಯಾಗ್ ಮಾಡಿ, ಪ್ರಕಟಿಸುವವರೆಗೂ ಮನುಷ್ಯರ ಕೈ ತಾಗುವುದಿಲ್ಲ. ಇಷ್ಟಾದರೂ ಸಾಕ್ಷಿ ಹೇಳುವವನು ಬದಲಾವಣೆ ಮಾಡಿದವನೇ. ಆ ಸಾಕ್ಷಿಯನ್ನು ಎಷ್ಟು ನಂಬಬಹುದು? ಮೇವನ್ ಭಂಡಾರವನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲೊಂದು ಬಿಡುಗಡೆ ಹೊಂದಾಣಿಕೆಯನ್ನು ಮುರಿದಿತ್ತು. ದೊಡ್ಡ ಬಿಡುಗಡೆಗೂ ಸಣ್ಣದಕ್ಕೂ ಈ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಕಿಯ ಕರಾರು ಬಹುಮಟ್ಟಿಗೆ ಬಾಯಿಮಾತೇ ಆಗಿತ್ತು.

ಇವಾನ್ ಚಾಪ್ಲಿಕಿ ರೂಪಿಸಿದ ಎಲ್ಮ್ ಭಾಷೆ ಲೇಖಕನನ್ನು ಕೇಳುವುದೇ ಇಲ್ಲ. ಹಿಂದೆ ಪ್ರಕಟವಾದ ಫಂಕ್ಷನ್‌ಗಳ ಟೈಪುಗಳನ್ನು ಈಗಿನವುಗಳೊಡನೆ ಹೋಲಿಸಿ ಮುಂದಿನ ಸಂಖ್ಯೆಯನ್ನು ತಾನೇ ನಿರ್ಧರಿಸುತ್ತದೆ. ಒಪ್ಪದಿದ್ದರೆ ಪ್ರಕಟಣೆಯೇ ಇಲ್ಲ. ಇದಕ್ಕೂ ಒಂದು ಕುರುಡು ಜಾಗವಿದೆ. ಏರಿಕೆಯ ಕ್ರಮದಲ್ಲಿ ವಿಂಗಡಿಸುತ್ತಿದ್ದ ಫಂಕ್ಷನ್ ನಾಳೆ ಇಳಿಕೆಯ ಕ್ರಮಕ್ಕೆ ತಿರುಗಿದರೂ ಟೈಪ್ ಅದೇ, ಆದ್ದರಿಂದ ಬದಲಾಗುವುದು ಕೊನೆಯ ಅಂಕಿ ಮಾತ್ರ. ರಸ್ಟ್ ತಂಡ ತನ್ನ ಕಂಪೈಲರಿನ ಮಟ್ಟಿಗೆ ಸಂಖ್ಯೆಯ ಗೊಡವೆಯನ್ನೇ ಬಿಟ್ಟು, ಕ್ರೇಟರ್ ಎಂಬ ಸಲಕರಣೆಯಿಂದ ಸಾರ್ವಜನಿಕ ಭಂಡಾರದ ಪ್ಯಾಕೇಜುಗಳನ್ನೆಲ್ಲ ಹೊಸ ಕಂಪೈಲರಿನಲ್ಲಿ ಕಟ್ಟಿ, ಪರೀಕ್ಷೆ ಓಡಿಸಿ, ಯಾವುದು ಮುರಿಯಿತೆಂದು ಮೊದಲೇ ನೋಡಿಕೊಳ್ಳುತ್ತದೆ.