ಚಂಡಮಾರುತದ ಮುನ್ಸೂಚನೆ: ವಿಜ್ಞಾನ ನಡೆದುಬಂದ ದಾರಿ

ವಿಶಾಖಪಟ್ಟಣ, ಪರವಾಡ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳು ಹಬ್ಬದ ದಿನಗಳೂ ಹೌದು, ಆತಂಕದ ದಿನಗಳೂ ಹೌದು. ಬಂಗಾಳ ಕೊಲ್ಲಿಯ ಚಂಡಮಾರುತಗಳನ್ನು ಮೊದಲೇ ಅರಿಯುವ ವಿಜ್ಞಾನವು ಕಳೆದ ಕೆಲವು ದಶಕಗಳಲ್ಲಿ ಎಷ್ಟು ಮುಂದುವರಿದಿದೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ನೀಡಲಾಗಿದೆ.

ಎರಡು ಚಂಡಮಾರುತಗಳು

1977ರ ನವೆಂಬರ್ 19ರಂದು ಕೃಷ್ಣಾ ನದೀಮುಖದ ದಿವಿಸೀಮೆಯಲ್ಲಿ ಕಡಲು ಊರೊಳಗೆ ನುಗ್ಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಅಸುನೀಗಿದರು. 2014ರ ಅಕ್ಟೋಬರ್ 12ರಂದು 'ಹುದ್‌ಹುದ್' ಗಂಟೆಗೆ ಸುಮಾರು 180 ಕಿ.ಮೀ. ವೇಗದ ಗಾಳಿಯೊಡನೆ ವಿಶಾಖಪಟ್ಟಣದ ಮೇಲೆಯೇ ಎರಗಿತು. ಮರಗಳು, ವಿದ್ಯುತ್ ಕಂಬಗಳು ಉರುಳಿದವು; ವಿಮಾನ ನಿಲ್ದಾಣ ಜಖಂಗೊಂಡಿತು; ದೂರವಾಣಿ, ಎಟಿಎಂಗಳು ಸ್ತಬ್ಧವಾದವು. ಆದರೂ ಆಂಧ್ರದಲ್ಲಿ ಮಡಿದವರ ಸಂಖ್ಯೆ ನೂರನ್ನು ಮುಟ್ಟಲಿಲ್ಲ. ಎರಡರ ಸ್ವರೂಪ ಒಂದೇ ಅಲ್ಲವಾದರೂ, ದಿನಗಳ ಮೊದಲೇ ದೊರೆತ ಎಚ್ಚರಿಕೆ ಮತ್ತು ಜನರ ಸ್ಥಳಾಂತರ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳು.

ಆಕಾಶದ ಕಣ್ಣು

ಹವಾಮಾನ ವೀಕ್ಷಣೆಗೆ ಇನ್ಸಾಟ್-3ಡಿ (2013), 3ಡಿಆರ್ (2016), 3ಡಿಎಸ್ (2024) ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದ ಕಕ್ಷೆ ಸೇರಿದವು. ಮೋಡಗಳ ಚಿತ್ರದೊಡನೆ ವಾಯುಮಂಡಲದ ಬೇರೆ ಬೇರೆ ಎತ್ತರಗಳ ಉಷ್ಣತೆ, ತೇವಾಂಶಗಳನ್ನೂ ಅಳೆಯುವಂತೆ ಇವನ್ನು ರೂಪಿಸಲಾಗಿದೆ. ಕೊನೆಯ ಎರಡು ಹಾರಿದ್ದು ಆಂಧ್ರದ ಶ್ರೀಹರಿಕೋಟಾದಿಂದ. ಇನ್ಸಾಟ್ ಸರಣಿಯ ನಿಯಂತ್ರಣ ನಡೆಯುವುದು ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ. ಇದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ.

ದಡದ ಕಣ್ಣು

ಚಂಡಮಾರುತವು ಕೆಲವು ನೂರು ಕಿ.ಮೀ. ಸಮೀಪಿಸಿದಾಗ ಡಾಪ್ಲರ್ ರೇಡಾರ್ ನೆರವಿಗೆ ಬರುತ್ತದೆ. ಅದು ಕಳುಹಿಸಿದ ಅಲೆಗಳು ಮಳೆಹನಿಗಳಿಗೆ ತಾಗಿ ಹಿಂತಿರುಗುವಾಗ ಅವುಗಳ ಆವರ್ತನ ಬದಲಾಗುತ್ತದೆ. ಆ ಬದಲಾವಣೆಯಿಂದ ಗಾಳಿಯ ವೇಗವನ್ನು ತಿಳಿಯಬಹುದು. 2000ರ ದಶಕದಲ್ಲಿ ಮಚಲೀಪಟ್ಟಣ ಮತ್ತು ವಿಶಾಖಪಟ್ಟಣಗಳಲ್ಲಿ ಇಂತಹ ರೇಡಾರ್‌ಗಳು ಸ್ಥಾಪನೆಗೊಂಡವು.

ಗಣಕಯಂತ್ರದ ಲೆಕ್ಕ

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಹಿಂದೆ 12 ಕಿ.ಮೀ. ಅಂತರದ ಚೌಕಗಳಲ್ಲಿ ನಡೆಯುತ್ತಿದ್ದ ಲೆಕ್ಕ ಈಗ 6 ಕಿ.ಮೀ. ಚೌಕಗಳಿಗೆ ಇಳಿದಿದೆ. 2023ರಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ 'ಗ್ರಾಫ್‌ಕಾಸ್ಟ್' ಎಂಬ ಕೃತಕ ಬುದ್ಧಿಮತ್ತೆಯ ವಿಧಾನವು ಸುಮಾರು ನಾಲ್ಕು ದಶಕಗಳ ಹವಾಮಾನ ದಾಖಲೆಗಳಿಂದ ಕಲಿತು, ಹತ್ತು ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ನೀಡಬಲ್ಲದು.

ಇನ್ನೂ ಉಳಿದಿರುವುದು

ಬಿರುಗಾಳಿಯ ದಾರಿ ತಿಳಿದರೂ ಮಳೆನೀರು ಯಾವ ಬೀದಿಗೆ ನುಗ್ಗೀತೆಂದು ಹೇಳುವುದು ಕಠಿಣ. 2024ರ ಸೆಪ್ಟೆಂಬರ್ ಆರಂಭದಲ್ಲಿ ವಿಜಯವಾಡ ಕಂಡದ್ದು ಇದನ್ನೇ. ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು; ಬುಡಮೇರು ಉಕ್ಕಿ ಸಿಂಗ್‌ನಗರದ ಮನೆಗಳು ದಿನಗಟ್ಟಲೆ ಮುಳುಗಿದ್ದವು. ಸಮುದ್ರದಿಂದ ದೂರವಿದ್ದೇವೆ ಎಂಬ ಭರವಸೆ ಸಾಲದು ಎಂಬುದೇ ಇದರ ಪಾಠ. 2025ರ ಅಕ್ಟೋಬರ್ 28ರಂದು 'ಮೊಂಥಾ' ಕಾಕಿನಾಡದ ದಕ್ಷಿಣಕ್ಕೆ ದಡ ಸೇರಿದಾಗಲೂ ಗಾಳಿಯೊಡನೆ ಭಾರೀ ಮಳೆ ಸುರಿಯಿತು.

ಓದುಗರ ಗಮನಕ್ಕೆ

ಹವಾಮಾನ ಇಲಾಖೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ. ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಆಗ ಹೊರಗೆ ಹೋಗಬಾರದು, ಏಕೆಂದರೆ ವಿರುದ್ಧ ದಿಕ್ಕಿನಿಂದ ಅದು ಮತ್ತೆ ಬೀಸುತ್ತದೆ. ಪಾಸ್‌ಬುಕ್, ಮನೆಯ ಪತ್ರ, ಔಷಧಿಗಳನ್ನು ನೀರು ತಾಗದ ಚೀಲದಲ್ಲಿಟ್ಟು, ಒಂದು ವಾರದ ಖರ್ಚಿಗೆ ಕೈಯಲ್ಲಿ ಹಣವಿರಲಿ. ಒಂಟಿಯಾಗಿರುವ ನೆರೆಯ ಹಿರಿಯರಿಗೂ ಎಚ್ಚರಿಕೆಯನ್ನು ತಲುಪಿಸಿರಿ. ವಿಜ್ಞಾನವು ನಮಗೆ ಕಾಲಾವಕಾಶವನ್ನು ಕೊಡುತ್ತದೆ. ಅದನ್ನು ಬಳಸಿಕೊಳ್ಳಬೇಕಾದವರು ನಾವು.