ಅಕ್ಕೋರ ದಣಿವಿಗೆ ರಿಜಿಸ್ಟರ್ ಇಲ್ಲ

ಶಿಗ್ಗಾಂವಿ ತಾಲೂಕಿನ ದುಂಡಸಿಯಲ್ಲಿ ಸಮಾಜ ಕಾರ್ಯಕರ್ತರು ಯಾರು ಎಂದು ಕೇಳಿದರೆ ಎಂ.ಎಸ್.ಡಬ್ಲ್ಯೂ. ಓದಿದವರ ಹೆಸರು ಬರುವುದು ಕಡಿಮೆ. ಅವರು ಧಾರವಾಡದಲ್ಲಿ ಓದು ಮುಗಿಸಿ ಆಸ್ಪತ್ರೆ, ಎನ್‌ಜಿಒ ಸೇರಿಕೊಳ್ಳುತ್ತಾರೆ. ಊರಲ್ಲಿ ಆ ಕೆಲಸ ಮಾಡುವವರು ಅಂಗನವಾಡಿ ಅಕ್ಕೋರು ಮತ್ತು ಆಶಾ ಅಕ್ಕ. ನಡುರಾತ್ರಿ ಹೆರಿಗೆ ನೋವು ಬಂದರೂ, ಮಗುವಿನ ತೂಕ ಇಳಿದರೂ, ಕುಡಿದ ಗಂಡ ಹೊಡೆದರೂ ಮೊದಲು ಕರೆಯುವುದು ಇವರನ್ನೇ. ಇದೆಲ್ಲ ಹೊತ್ತು ಹೊತ್ತು ಇವರಿಗೇ ನಿದ್ದೆ ಕೆಟ್ಟು, ಮನಸ್ಸು ಕುಸಿದು, ಕೆಲಸ ಮಾಡಲಾಗದ ಸ್ಥಿತಿ ಬಂದರೆ?

ಉತ್ತರ ಹುಡುಕಲು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ‘ಬರ್ನ್‌ಔಟ್’ ಕುರಿತು ಲೇಖನ ಬರೆದ. ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದ ತನ್ನಂಥ ಸ್ವಯಂಸೇವಕರು ಉರಿದು ಬೂದಿಯಾಗುವುದನ್ನು ಅವನು ಕಂಡಿದ್ದ. ಮರುವರ್ಷ, 1975ರ ಅಕ್ಟೋಬರ್ 2ರಂದು, ನಮ್ಮಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದ ಮೊದಲ ಅಂಗನವಾಡಿಗಳು ತೆರೆದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಯೋಜನೆ ಇವರನ್ನು ನೌಕರರೆನ್ನದೆ ಸ್ವಯಂಸೇವಕಿಯರೆಂದಿತು, ಕೊಡುವ ಹಣವನ್ನು ಸಂಬಳವೆನ್ನದೆ ‘ಗೌರವಧನ’ ಎಂದಿತು. ಕೇಳಲು ಎಷ್ಟು ಚೆಂದದ ಪದ! ಮುಂದಿನ ತೊಡಕೆಲ್ಲ ಅದರೊಳಗೇ ಇತ್ತು.

ಆ ಪದದ ಬೆಲೆ ನ್ಯಾಯಾಲಯದಲ್ಲಿ ಗೊತ್ತಾಯಿತು. ಸರ್ಕಾರಿ ನೌಕರರಾಗಿದ್ದರೆ ದಾರಿಯಿತ್ತು: ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ ಎಂದು 1995ರ ಅಂಗವಿಕಲರ ಕಾಯ್ದೆಯ 47ನೇ ಕಲಂ ಹೇಳುತ್ತಿತ್ತು. ಆ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇತ್ತು. ಆದರೆ 2006ರಲ್ಲಿ, ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹುದ್ದೆಯೇ ಇಲ್ಲ ಎಂದಮೇಲೆ ಹುದ್ದೆಯಿಂದ ಬಂದ ಕಾಯಿಲೆಯನ್ನು ಎಲ್ಲಿ ಬರೆಯುವುದು?

ವಿಚಿತ್ರವೆಂದರೆ ಹಳ್ಳಿಯ ಮನೋರೋಗ ಗುರುತಿಸುವುದನ್ನು ದೇಶಕ್ಕೆ ಕಲಿಸಿಕೊಟ್ಟದ್ದು ಕರ್ನಾಟಕವೇ. 1985ರಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಊರಿನವರ ಮನಸ್ಸು ನೋಡಲು ಕಾರ್ಯಕರ್ತರಿಗೆ ಕಲಿಸಲಾಯಿತು, ಕಾರ್ಯಕರ್ತರ ಮನಸ್ಸು ನೋಡುವವರು ಯಾರು ಎಂಬುದು ಮಾತ್ರ ಹಾಗೇ ಉಳಿಯಿತು.

2005ರಲ್ಲಿ ಆಶಾ ಬಂದಳು. ಅವಳದು ಇನ್ನೂ ಸಡಿಲ ಗಂಟು, ಮಾಡಿದ ಕೆಲಸದ ಲೆಕ್ಕಕ್ಕೆ ಪ್ರೋತ್ಸಾಹಧನ. ಜ್ವರ ಬಂದು ಮಲಗಿದ ದಿನಕ್ಕೆ ಲೆಕ್ಕವಿಲ್ಲ. 2020ರ ಕೊರೊನಾ ಕಾಲದಲ್ಲಿ ಮನೆಮನೆ ಸಮೀಕ್ಷೆಗೆ ಕಳಿಸಿದ್ದು ಅವಳನ್ನೇ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ಜುಲೈನಲ್ಲಿ ರಾಜ್ಯದ ಆಶಾಗಳು ₹12,000 ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದರು. ಅತ್ತ ಅಂಗನವಾಡಿಯಲ್ಲಿ 2021ರಿಂದ ರಿಜಿಸ್ಟರ್‌ಗಳ ಜೊತೆಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ನೆಟ್‌ವರ್ಕ್ ಸಿಗದ ಊರಲ್ಲಿ ಅದು ಎಂಥ ಕಾಟ ಎಂಬುದನ್ನು ಯಾವ ಅಕ್ಕೋರನ್ನು ಕೇಳಿದರೂ ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತಂತೂ ನಿಜ. ಆದರೆ ಇವರದು ಉದ್ಯೋಗವೆಂದು ಒಪ್ಪಬೇಕಲ್ಲ.

ಅರ್ಧ ಬಾಗಿಲು ತೆರೆದದ್ದು 2022ರ ಏಪ್ರಿಲ್‌ನಲ್ಲಿ. ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪತ್ರಿಕೆಗಳು ನಿವೃತ್ತಿ ಹಣದ ಸುದ್ದಿಯಾಗಿ ಬರೆದವು. ನನಗೆ ಮುಖ್ಯವೆನಿಸಿದ್ದು ಕಾಯ್ದೆಯ 4ನೇ ಕಲಂ. ಅದರಂತೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕಿತ್ತು, ಆದರೆ ಸಾವು ಅಥವಾ ದುರ್ಬಲತೆಯಿಂದ ಕೆಲಸ ನಿಂತರೆ ಆ ಷರತ್ತಿರಲಿಲ್ಲ. ಅಪಘಾತ ಅಥವಾ ಕಾಯಿಲೆಯಿಂದಾಗಿ, ಮೊದಲು ಮಾಡುತ್ತಿದ್ದ ಕೆಲಸ ಮಾಡಲಾಗದಂತಾಗುವುದೇ ದುರ್ಬಲತೆ ಎಂಬ ವಿವರಣೆ ಅಲ್ಲೇ ಇತ್ತು. ಕಾಯಿಲೆ ಮೈಯದ್ದೇ ಆಗಿರಬೇಕೆಂದು ಅದು ಹೇಳಿರಲಿಲ್ಲ.

ಆ ತೀರ್ಪಿನಲ್ಲಿ ಆಶಾಗಳಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ ಕನಿಷ್ಠ ₹10,000 ಸಿಗುವ ಭರವಸೆ ಪಡೆದು ಊರಿಗೆ ಮರಳಿದರು. ಕಾಗದದಲ್ಲಿ ಅದರ ಹೆಸರು ಈಗಲೂ ಗೌರವಧನ.