ಬಲ್ಲೆನೆಂಬ ಮಾತು: ನಮ್ಮ ಸೀಮೆಗೆ ಬಂದ ಗಣಕ ಭಾಷೆಗಳು



ಹರಿಹರ ತಾಲ್ಲೂಕಿನ ನಮ್ಮ ಕೊಕ್ಕನೂರಿನಂಥ ಹಳ್ಳಿಗಳಿಂದಲೂ ಇಂದು ಬಿ.ಇ., ಬಿ.ಸಿ.ಎ. ಓದಿದ ಮಕ್ಕಳು ಹೊರಬರುತ್ತಿದ್ದಾರೆ. ಇದು ಸಂತೋಷದ ಸಂಗತಿ. ಕೆಲಸಕ್ಕೆ ಅರ್ಜಿ ಹಾಕುವ ಮೊದಲು ಕೆಲವರು ತಮ್ಮ ಬಯೋಡಾಟಾವನ್ನು ತಂದು, ‘ಒಮ್ಮೆ ನೋಡಿಕೊಡಿ ಸಾರ್’ ಎನ್ನುತ್ತಾರೆ. ಅದರಲ್ಲಿ ಭಾಷೆಗಳ ಪಟ್ಟಿ ಎರಡು ಕಡೆ ಇರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ ಎಂದು ಬರೆದಲ್ಲಿ ಓದಲು, ಬರೆಯಲು, ಮಾತನಾಡಲು ಎಂಬ ಮೂರು ಕಲಮುಗಳಿರುತ್ತವೆ. ಹಿಂದಿಯನ್ನು ಓದಬಲ್ಲ, ಆದರೆ ಮಾತನಾಡಲಾರದ ಹುಡುಗ ಅಲ್ಲಿ ಪ್ರಾಮಾಣಿಕವಾಗಿ ಒಂದು ಗುರುತನ್ನು ಬಿಟ್ಟಿರುತ್ತಾನೆ. ಇನ್ನೊಂದು ಕಡೆ ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್ ಎಂದು ಗಣಕಯಂತ್ರದ ಭಾಷೆಗಳನ್ನು ಬರೆದಿರುತ್ತಾನೆ. ಅಲ್ಲಿ ಯಾವ ಕಲಮೂ ಇಲ್ಲ. ಬಲ್ಲೆನೆಂದರೆ ಬಲ್ಲೆ, ಅಷ್ಟೆ.

ಈ ಭಾಷೆಗಳನ್ನು ನಮ್ಮ ಜನ ಎಂದಿನಿಂದ ಕಲಿತರು, ಎಷ್ಟರಮಟ್ಟಿಗೆ ಕಲಿತರು ಎಂಬ ಚರಿತ್ರೆಯನ್ನು ಸ್ವಲ್ಪ ನೋಡಿದರೆ, ಇಲ್ಲದ ಆ ಕಲಮುಗಳು ಯಾವುವಿರಬೇಕೆಂಬುದು ತಿಳಿದೀತೆಂದು ನನ್ನ ಭಾವನೆ.

ಪ್ರೋಗ್ರಾಮ್ ಎಂಬುದಕ್ಕೆ ಕನ್ನಡದಲ್ಲಿ ‘ಕ್ರಮವಿಧಿ’ ಎಂಬ ಒಳ್ಳೆಯ ಪದವಿದೆ. ಯಾವುದರ ನಂತರ ಯಾವುದನ್ನು ಮಾಡಬೇಕೆಂಬ ವಿಧಿಯೇ ಕ್ರಮವಿಧಿ. ಆರಂಭದಲ್ಲಿ ಅದನ್ನು ಅಂಕಿಗಳಲ್ಲಿ ಬರೆಯಬೇಕಾಗಿತ್ತು. 1957ರಲ್ಲಿ ಐ.ಬಿ.ಎಂ. ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದ ಮೇಲೆ, ಬೀಜಗಣಿತದ ಸೂತ್ರಗಳನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಯಂತ್ರಕ್ಕೆ ಒಪ್ಪಿಸುವುದು ಸಾಧ್ಯವಾಯಿತು. 1963ರಲ್ಲಿ ಕಾನ್ಪುರದ ಐ.ಐ.ಟಿ.ಗೆ ಐ.ಬಿ.ಎಂ. 1620 ಯಂತ್ರ ಬಂದಿತು. ಅಲ್ಲಿ ಫೋರ್ಟ್ರಾನ್ ಕಲಿಸಿದವರಲ್ಲಿ ಪ್ರಮುಖರು ಪ್ರೊ. ವಿ. ರಾಜಾರಾಮನ್ ಅವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಅವರು 1982ರಲ್ಲಿ ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಮರಳಿದರು. ವಿದ್ಯಾರ್ಥಿಗಳ ಕೈಗೆಟುಕುವ ಬೆಲೆಯಲ್ಲಿ ಅವರು ಬರೆದ ಪಠ್ಯಪುಸ್ತಕಗಳಿಂದಲೇ ದೇಶದ ಎರಡು ಮೂರು ತಲೆಮಾರುಗಳು ಈ ವಿದ್ಯೆಯನ್ನು ಕಲಿತವು.

ನಮ್ಮ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ವಿದ್ಯೆ ಹಳೆಯದು. ಬಿ.ಡಿ.ಟಿ. ಕಾಲೇಜು 1951ರಲ್ಲಿಯೂ ಬಾಪೂಜಿ ತಾಂತ್ರಿಕ ವಿದ್ಯಾಲಯ 1979ರಲ್ಲಿಯೂ ಆರಂಭವಾದವು. ನಾನು ಬಿ.ಎಸ್ಸಿ. ಓದುತ್ತಿದ್ದ ಕಾಲಕ್ಕೆ ನಮ್ಮ ಚಿಕ್ಕಪ್ಪನ ಮಗನೊಬ್ಬ ಪರಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಬಂದಾಗ ಅವನು ತೂತು ಕೊರೆದ ಕಾರ್ಡುಗಳ ಕಟ್ಟೊಂದನ್ನು ತಂದು ತೋರಿಸಿದ್ದ. ಒಂದು ಕಾರ್ಡಿನಲ್ಲಿ ಎಂಬತ್ತು ಮನೆಗಳು. ಕ್ರಮವಿಧಿಯ ಒಂದೊಂದು ಸಾಲಿಗೆ ಒಂದೊಂದು ಕಾರ್ಡು. ಫೋರ್ಟ್ರಾನಿನ ವಾಕ್ಯ ಏಳನೆಯ ಮನೆಯಿಂದಲೇ ಆರಂಭವಾಗಬೇಕು, ಎಪ್ಪತ್ತೆರಡನೆಯದನ್ನು ದಾಟಬಾರದು. ಕಟ್ಟನ್ನು ಗಣಕ ಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಸಿಗುತ್ತಿದ್ದುದು ಮರುದಿನ. ಒಂದು ಅಲ್ಪವಿರಾಮ ತಪ್ಪಿದ್ದರೆ ಆ ಇಡೀ ದಿನ ವ್ಯರ್ಥ. ಆದುದರಿಂದ ಕೊಡುವ ಮೊದಲು ನಾಲ್ಕು ಬಾರಿ ಓದಿ, ಯಂತ್ರ ಏನು ಮಾಡೀತೆಂದು ಮನಸ್ಸಿನಲ್ಲಿಯೇ ನಡೆಸಿ ನೋಡುತ್ತಿದ್ದೆವೆಂದು ಅವನು ಹೇಳುತ್ತಿದ್ದ. ಆ ತಲೆಮಾರಿನವರಿಗೆ ಗೊತ್ತಿದ್ದುದು ಹೆಚ್ಚೆಂದರೆ ಒಂದೆರಡು ಭಾಷೆ. ಯಂತ್ರ ದುರ್ಲಭವಾಗಿದ್ದುದರಿಂದಲೇ ಅವರ ಓದು ನಿಧಾನವಾಗಿಯೂ ಗಟ್ಟಿಯಾಗಿಯೂ ಇತ್ತು.

ಎರಡನೆಯ ಅಲೆ ಬೇಸಿಕ್ ಭಾಷೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು, ಗಣಿತ ವಿಜ್ಞಾನಗಳನ್ನು ಓದದವರೂ ಕಲಿಯಲೆಂದು 1964ರಲ್ಲಿ ಅದನ್ನು ರೂಪಿಸಿದರು. ಇಪ್ಪತ್ತು ವರ್ಷಗಳ ನಂತರ, 1984ರಲ್ಲಿ, ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಬ್ರಿಟಿಷ್ ಗಣಕಯಂತ್ರಗಳನ್ನು ಕೊಟ್ಟಿತು. ಅದರ ಜನಪ್ರಿಯ ಮಾದರಿಯ ಸ್ಮರಣಶಕ್ತಿ ಬರಿಯ 32 ಕಿಲೋಬೈಟ್. ಇಂದು ಕೈಯಲ್ಲಿ ಹಿಡಿದ ಫೋನಿನ ಒಂದು ಭಾವಚಿತ್ರಕ್ಕೂ ಅದು ಸಾಲದು. ಆದರೂ ಅದರೊಳಗೆ ಬೇಸಿಕ್ ಭಾಷೆಯಿತ್ತು. ಗುಂಡಿ ಒತ್ತಿದೊಡನೆ ಯಂತ್ರ ಮಗುವಿನ ಆಜ್ಞೆಗೆ ಕಾದು ನಿಲ್ಲುತ್ತಿತ್ತು.

ಮೂರನೆಯದು ಫಲಕಗಳ ಕಾಲ. ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಸಿ, ಅದರಿಂದ ಹುಟ್ಟಿದ ಸಿ ಪ್ಲಸ್ ಪ್ಲಸ್, 1995ರಲ್ಲಿ ಬಂದ ಜಾವಾ, ಇವೆಲ್ಲ ಒಟ್ಟಾಗಿ ನಮ್ಮ ಊರುಗಳನ್ನು ಮುಟ್ಟಿದವು. 2000ನೆಯ ಇಸವಿ ಬಂದರೆ ಹಳೆಯ ಗಣಕಗಳು ತಾರೀಕು ತಪ್ಪುತ್ತವೆಂಬ ಭಯದಿಂದ, 1959-60ರ ಕಾಲದ ಕೋಬಾಲ್ ಭಾಷೆಗೂ ಥಟ್ಟನೆ ಬೇಡಿಕೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲಾ ಕೇಂದ್ರವಾಯಿತು. ಆ ವರ್ಷಗಳಲ್ಲಿ ಬೀದಿ ಬೀದಿಗೆ ಗಣಕ ತರಬೇತಿಯ ಫಲಕಗಳು ಎದ್ದವು. ಮೂರು ತಿಂಗಳಿಗೆ ಮೂರು ಭಾಷೆ, ಕೊನೆಗೊಂದು ಸರ್ಟಿಫಿಕೇಟು. ಭತ್ತ ಮಾರಿದ ಹಣದಲ್ಲಿ ಶುಲ್ಕ ಕಟ್ಟಿದ ತಂದೆಯರನ್ನು ನಾನು ಬಲ್ಲೆ. ಟ್ಯಾಲಿಯನ್ನೂ ‘ಭಾಷೆ’ ಎಂದೇ ಬರೆಯುವ ರೂಢಿ ಆಗ ಬಂದದ್ದು. ಟ್ಯಾಲಿ ಬೆಂಗಳೂರಿನಲ್ಲಿ ಬೆಳೆದ ಲೆಕ್ಕಪತ್ರದ ತಂತ್ರಾಂಶ. ನಮ್ಮ ಸೀಮೆಯ ಎಷ್ಟೋ ಮಂಡಿಗಳ ಲೆಕ್ಕವನ್ನು ಅದು ಹಿಡಿದಿದೆ. ಆದರೆ ಸಿದ್ಧ ತಂತ್ರಾಂಶವನ್ನು ಬಳಸುವುದು ಬೇರೆ, ಕ್ರಮವಿಧಿ ಬರೆಯುವುದು ಬೇರೆ. ಗಾಡಿ ಓಡಿಸುವವನನ್ನೂ ಗಾಡಿ ಕಟ್ಟುವ ಬಡಗಿಯನ್ನೂ ನಾವು ಒಂದೇ ಹೆಸರಿನಿಂದ ಕರೆಯುವುದಿಲ್ಲವಷ್ಟೆ.

ಹೊಸ ಶತಮಾನದ ಆರಂಭದಲ್ಲಿ ಮಾಹಿತಿ ಸಿಂಧು ಮೊದಲಾದ ಯೋಜನೆಗಳ ಮೂಲಕ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೂ ಗಣಕಗಳು ಬಂದವು. ಗಣಿತದ ಮೇಷ್ಟ್ರು ಎಂಬ ಕಾರಣಕ್ಕೆ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಬೇಸಿಕ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಒಂದು ಯಂತ್ರದ ಮುಂದೆ ಆರೇಳು ಮಕ್ಕಳು. ವಿದ್ಯುತ್ತು ಬಂದಾಗ ಬಂದಿತು, ಹೋದಾಗ ಹೋಯಿತು. ಹೀಗಾಗಿ ಅರ್ಧ ಪಾಠ ಕಪ್ಪುಹಲಗೆಯ ಮೇಲೆಯೇ ನಡೆಯುತ್ತಿತ್ತು.

ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಮೊತ್ತ ಕಂಡುಹಿಡಿಯುವ ಕ್ರಮವಿಧಿ ಅಲ್ಲಿನ ಮೊದಲ ಪಾಠಗಳಲ್ಲೊಂದು. ಅದರಲ್ಲಿ ‘ಎಸ್ = ಎಸ್ + ಎನ್’ ಎಂಬ ಸಾಲು ಬರುತ್ತದೆ. ಗಣಿತದಲ್ಲಿ ಚುರುಕಾದ ಮಕ್ಕಳೇ ಇಲ್ಲಿ ಮೊದಲು ತಡೆಯುತ್ತಿದ್ದರು. ‘ಎನ್ ಸೊನ್ನೆಯಾಗದ ಹೊರತು ಇದು ಸುಳ್ಳಲ್ಲವೇ ಸಾರ್?’ ಸಮೀಕರಣವೆಂದು ಓದಿದರೆ ಸುಳ್ಳೇ ಸರಿ. ಆದರೆ ಇದು ಸಮೀಕರಣವಲ್ಲ, ಆಜ್ಞೆ. ಎಸ್ ಎಂಬ ಡಬ್ಬಿಯಲ್ಲಿ ಇರುವುದಕ್ಕೆ ಎನ್ ಅನ್ನು ಕೂಡಿಸಿ, ಬಂದುದನ್ನು ಅದೇ ಡಬ್ಬಿಯಲ್ಲಿ ಇಡು ಎಂದರ್ಥ. ಮಕ್ಕಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು 0, 1, 3, 6, 10 ಎಂದು ಒಂದೊಂದೇ ಹೆಜ್ಜೆ ಬರೆಯುತ್ತ 55ಕ್ಕೆ ಬಂದು ನಿಲ್ಲುತ್ತಿದ್ದರು. ಆಗ ನಾನು ಒಂದು ಪ್ರಶ್ನೆ ಹಾಕುತ್ತಿದ್ದೆ. ಮೊದಲಿಗೆ ಒಮ್ಮೆ ಮಾತ್ರ ಬರಬೇಕಾದ ‘ಎಸ್ = 0’ ಎಂಬ ಸಾಲು, ಪುನರಾವರ್ತನೆಯ ಒಳಗೆ ಬಿದ್ದುಬಿಟ್ಟರೆ ಉತ್ತರವೇನು? ಪ್ರತಿ ಸುತ್ತಿನಲ್ಲೂ ಡಬ್ಬಿ ಬರಿದಾಗುತ್ತದೆ. ಕೊನೆಗೆ ಉಳಿಯುವುದು ಬರಿಯ 10.

ಇಡೀ ಕ್ರಮವಿಧಿಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ಎಷ್ಟೋ ಮಕ್ಕಳು ಈ ಪ್ರಶ್ನೆಗೆ ತಡವರಿಸಿದ್ದಾರೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಯಂತ್ರವನ್ನು ಮುಟ್ಟದೆಯೇ ‘ಹತ್ತು’ ಎಂದದ್ದೂ ಉಂಟು. ಬಲ್ಲವನು ಅವನು.

ಈ ತಾರತಮ್ಯ ನಮ್ಮ ಹರಿಹರದ ಜನಕ್ಕೆ ಹೊಸದಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ಹರಿಹರದ ಹೆಸರನ್ನು ದೇಶಕ್ಕೆಲ್ಲ ಒಯ್ದವು. ಆ ಕಾರ್ಖಾನೆ ಇಂದಿಲ್ಲ. ಆದರೆ ಲೇತಿನ ಮುಂದೆ ಬಾಳು ಕಳೆದ ಹಿರಿಯರು ಇನ್ನೂ ಇದ್ದಾರೆ. ‘ಲೇತ್ ಬರುತ್ತದೆ’ ಎಂದು ಬಾಯಲ್ಲಿ ಹೇಳಿದರೆ ಅವರು ಒಪ್ಪುವುದಿಲ್ಲ. ಒಂದು ಡ್ರಾಯಿಂಗು, ಒಂದು ಕಬ್ಬಿಣದ ತುಂಡು ಕೈಗೆ ಕೊಡುತ್ತಾರೆ. ನೇರವಾಗಿ ತಿರುವುವವನು ಒಂದು ಮಟ್ಟ, ಟೇಪರ್ ತೆಗೆಯುವವನು ಮೇಲಿನ ಮಟ್ಟ, ಥ್ರೆಡ್ ಕತ್ತರಿಸುವವನು ಇನ್ನೂ ಮೇಲೆ. ಕೊನೆಗೆ ಮೈಕ್ರೋಮೀಟರು ತೀರ್ಪು ಕೊಡುತ್ತದೆ. ಗಣಕ ಭಾಷೆಯ ವಿಷಯದಲ್ಲಿಯೂ ಅಂಥ ನಾಲ್ಕು ಕಲಮುಗಳು ಇರಬೇಕೆಂದು ನನಗೆ ತೋರುತ್ತದೆ: ಇನ್ನೊಬ್ಬರು ಬರೆದುದನ್ನು ಓದಿ ಅದೇನು ಮಾಡುತ್ತದೆಂದು ಹೇಳುವುದು, ಬೇಕಾದಂತೆ ಅದನ್ನು ಬದಲಿಸುವುದು, ಸ್ವತಂತ್ರವಾಗಿ ಬರೆಯುವುದು, ಕೆಟ್ಟುದರ ಕಾರಣ ಹುಡುಕಿ ಸರಿಪಡಿಸುವುದು. ಇವುಗಳಲ್ಲಿ ಕಡೆಯದೇ ಕಠಿಣ.

ಹಳ್ಳಿಯ ಮಕ್ಕಳನ್ನು ಇನ್ನೊಂದು ಭಯ ಕಾಡುತ್ತದೆ. ಇಂಗ್ಲಿಷ್ ಬಾರದವರಿಗೆ ಈ ವಿದ್ಯೆ ಒಲಿಯದು ಎಂಬುದು. 1989ರ ಪ್ರಮಾಣಿತ ಸಿ ಭಾಷೆಯಲ್ಲಿರುವ ಕಾದಿಟ್ಟ ಪದಗಳು 32 ಮಾತ್ರ. ಪೈಥಾನಿನಲ್ಲಿ ಮೂವತ್ತೈದರ ಆಸುಪಾಸು. ನಮ್ಮ ವರ್ಣಮಾಲೆಯ ಅಕ್ಷರಗಳಿಗಿಂತ ಕಡಿಮೆ! ನಿಜವಾದ ತೊಡಕು ಈ ಪದಗಳಲ್ಲ, ವಿವರಣೆಯ ಪುಸ್ತಕಗಳು ಮತ್ತು ಯಂತ್ರ ತೋರಿಸುವ ದೋಷಸೂಚನೆಗಳು ಇಂಗ್ಲಿಷಿನಲ್ಲಿರುವುದು. ಈ ತೊಡಕನ್ನು ಮನಗಂಡು ಕೆಲಸ ಮಾಡಿದವರೂ ನಮ್ಮಲ್ಲಿದ್ದಾರೆ. ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ 1967ರಲ್ಲಿ ರೂಪಿಸಿದ ಲೋಗೋ ಭಾಷೆಯನ್ನು ಡಾ. ಯು.ಬಿ. ಪವನಜ ಅವರು ಕನ್ನಡಕ್ಕೆ ತಂದರು. ಪರದೆಯ ಮೇಲಿನ ಆಮೆಗೆ ಕನ್ನಡದಲ್ಲಿಯೇ ಆಜ್ಞೆ ಕೊಟ್ಟು ಮಗು ಚೌಕ, ತ್ರಿಕೋನಗಳನ್ನು ಬರೆಯಿಸಬಹುದು. ಆಮೆ ಅಡ್ಡದಾರಿ ಹಿಡಿದರೆ ದೋಷ ತನ್ನ ಆಜ್ಞೆಯಲ್ಲಿದೆಯೆಂದು ಮಗುವಿಗೆ ಕಣ್ಣೆದುರೇ ಗೊತ್ತಾಗುತ್ತದೆ. ಬಾಯಿಪಾಠಕ್ಕೆ ಅಲ್ಲಿ ಜಾಗವಿಲ್ಲ. ಇಂಥ ಕೆಲಸ ನಮ್ಮ ಶಾಲೆಗಳಲ್ಲಿ ಇನ್ನೂ ವಿಸ್ತಾರವಾಗಿ ಬಳಕೆಗೆ ಬರಬೇಕಾಗಿತ್ತು.

ಈಚೆಗೆ ಪಿ.ಯು. ತರಗತಿಗಳಲ್ಲಿ ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂದಿದೆ. ನಾಳೆ ಇನ್ನೊಂದು ಬಂದೀತು. ಗೂಗಲ್ ಸಂಸ್ಥೆಯ ಪೀಟರ್ ನಾರ್ವಿಗ್ ಎಂಬ ವಿದ್ವಾಂಸರು 2001ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಕೆಲವೇ ದಿನಗಳಲ್ಲಿ ಭಾಷೆ ಕಲಿಸುತ್ತೇವೆನ್ನುವ ಪುಸ್ತಕಗಳನ್ನು ಟೀಕಿಸಿ, ಈ ವಿದ್ಯೆಗೆ ಹತ್ತು ವರ್ಷಗಳ ಸಾಧನೆ ಬೇಕೆಂದು ವಾದಿಸಿದ್ದಾರೆ. ಸಂಗೀತ ಕಲಿತ ಯಾರಿಗೂ ಇದು ಆಶ್ಚರ್ಯವೆನಿಸದು.

ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕೇಳಿದ ಭಾಷೆಯಲ್ಲಿ ಕ್ರಮವಿಧಿಯನ್ನು ಕ್ಷಣದಲ್ಲಿ ಬರೆದುಕೊಡುತ್ತಿವೆ. ಇನ್ನು ಕಲಿಯುವುದೇತಕ್ಕೆ ಎಂದು ತಂದೆತಾಯಿಗಳು ನನ್ನನ್ನು ಕೇಳುತ್ತಾರೆ. ಬರೆಯುವ ಶ್ರಮ ಕಡಿಮೆಯಾಗಿದೆ, ನಿಜ. ಆದರೆ ಯಂತ್ರ ಕೊಟ್ಟುದರಲ್ಲಿ ‘ಎಸ್ = 0’ ಎಂಬ ಸಾಲು ತಪ್ಪು ಜಾಗದಲ್ಲಿ ಬಿದ್ದಿದ್ದರೆ ಅದನ್ನು ಕಾಣಬಲ್ಲ ಕಣ್ಣು ಬೇಕಲ್ಲ? ಬ್ಯಾಂಕಿನ ಬಡ್ಡಿಯನ್ನೂ ಆಸ್ಪತ್ರೆಯ ಔಷಧದ ಪ್ರಮಾಣವನ್ನೂ ಲೆಕ್ಕ ಮಾಡುವ ಕ್ರಮವಿಧಿಗಳಲ್ಲಿ 55ರ ಜಾಗದಲ್ಲಿ 10 ಬಂದರೆ ಗತಿಯೇನು?

ಆದುದರಿಂದ ಮಕ್ಕಳನ್ನು ಸೇರಿಸುವ ಮುನ್ನ, ‘ಎಷ್ಟು ಭಾಷೆ ಕಲಿಸುತ್ತೀರಿ?’ ಎಂದು ಕೇಳಬೇಡಿರಿ. ತಾನೇ ಬರೆದುದು ತಪ್ಪು ಉತ್ತರ ಕೊಟ್ಟಾಗ ಮಗು ಅದರ ಮುಂದೆ ಕುಳಿತು ಕಾರಣ ಹುಡುಕಲು ಎಷ್ಟು ಹೊತ್ತು ಬಿಡುತ್ತೀರಿ ಎಂದು ಕೇಳಿರಿ. ಒಂದೇ ಭಾಷೆಯಾದರೂ ಚಿಂತೆಯಿಲ್ಲ. ಒಂದನ್ನು ಚೆನ್ನಾಗಿ ಬಲ್ಲವನಿಗೆ ಎರಡನೆಯದು ಬೇಗ ಒಲಿಯುತ್ತದೆ.